ಮ್ಯಾಗ್ನೆಟ್ ಅಂಟದಿದ್ದರೆ ಕಬ್ಬಿಣ ಇಲ್ಲ ಅಂತಲೇ?

ವಿದ್ಯಾರ್ಥಿಗಳೇ, ಫೆರಸ್ ಲೋಹ ಯಾವುದು, ನಾನ್‌ಫೆರಸ್ ಲೋಹ ಯಾವುದು ಅಂತ ಹೇಗೆ ಗುರುತಿಸುತ್ತೀರಿ? ಕೇಳಿದ ತಕ್ಷಣ ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ: "ಅಯಸ್ಕಾಂತ ಅಂಟಿದರೆ ಫೆರಸ್, ಅಂಟದಿದ್ದರೆ ನಾನ್‌ಫೆರಸ್." ಈ ಉತ್ತರಕ್ಕೆ ಪೂರ್ತಿ ಅಂಕ ಕೊಡುವವರೂ ಇದ್ದಾರೆ. ಕೊಡಬಾರದು ಅನ್ನೋದು ನನ್ನ ವಾದ.

ಕಬ್ಬಿಣದ ಲ್ಯಾಟಿನ್ ಹೆಸರು ಫೆರಮ್. ಫೆರಸ್ ಅನ್ನುವ ಮಾತು ಅಲ್ಲಿಂದ ಬಂತು. ಅಂದರೆ ಅದು ಕೇಳುವ ಪ್ರಶ್ನೆ, ಇದರಲ್ಲಿ ಮುಖ್ಯವಾಗಿ ಕಬ್ಬಿಣ ಇದೆಯಾ ಅಂತ. ಅಯಸ್ಕಾಂತ ಉತ್ತರಿಸುವ ಪ್ರಶ್ನೆಯೇ ಬೇರೆ.

ಅನುಮಾನ ಇದ್ದರೆ ಅಡುಗೆಮನೆಗೆ ಹೋಗಿ. ಒಳ್ಳೆಯ ಸ್ಟೀಲ್ ಲೋಟಕ್ಕೆ ಮ್ಯಾಗ್ನೆಟ್ ಹಿಡಿದರೆ ಎಷ್ಟೋ ಸಲ ಅಂಟುವುದೇ ಇಲ್ಲ. 304 ಅನ್ನುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ; ಉಳಿದದ್ದು ಹೆಚ್ಚುಕಡಿಮೆ ಎಲ್ಲ ಕಬ್ಬಿಣವೇ. ನಿಕ್ಕಲ್ ಸೇರಿದ್ದರಿಂದ ಪರಮಾಣುಗಳ ಜೋಡಣೆ ಬದಲಾಗಿ ಆಕರ್ಷಣೆ ಹೋಗಿದೆ, ಕಬ್ಬಿಣ ಹೋಗಿಲ್ಲ. ಅದೇ ಲೋಟದ ಮಡಿಸಿದ ಅಂಚಿಗೆ ಹಿಡಿದು ನೋಡಿ, ಕೆಲವಕ್ಕೆ ಸ್ವಲ್ಪ ಎಳೆತ ಸಿಗುತ್ತದೆ. ಬಗ್ಗಿಸಿ ಒತ್ತಿದಾಗ ಜೋಡಣೆ ಮತ್ತೆ ಬದಲಾಗಿರುತ್ತದೆ. ತುಕ್ಕು ನೋಡಿ ಹೇಳ್ತೀವಿ ಅಂದರೆ, ಈ ಲೋಟ ಅಲ್ಲಿಯೂ ಕೈಕೊಡುತ್ತದೆ.

ಈ ಕಡೆ ಶುದ್ಧ ನಿಕ್ಕಲ್ ಮತ್ತು ಕೋಬಾಲ್ಟ್ ಎರಡೂ ನಾನ್‌ಫೆರಸ್, ಆದರೂ ಅಯಸ್ಕಾಂತಕ್ಕೆ ಅಂಟುತ್ತವೆ. ಕುಲುಮೆಯಲ್ಲಿ ಕಬ್ಬಿಣವನ್ನೇ 770 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಅದೂ ಅಂಟುವುದಿಲ್ಲ. ಕಾದಷ್ಟು ಹೊತ್ತು ಅದು ನಾನ್‌ಫೆರಸ್ ಆಗಿತ್ತು ಅಂತೀರಾ?

ಇದೆಲ್ಲ ಬರೀ ಅಂಕದ ಜಗಳ ಅಲ್ಲ. ಬೀದಿಗೆ ಬರುವ ಗುಜರಿಯವರ ಕೈಯಲ್ಲೂ ಒಂದು ಮ್ಯಾಗ್ನೆಟ್ ಇರುತ್ತದೆ. ಬೆಳ್ಳಿಯಂತೆ ಹೊಳೆಯುವ ಹಳೆಯ ನಲ್ಲಿಯನ್ನು ಎಷ್ಟೋ ಮನೆಗಳಲ್ಲಿ ಕಬ್ಬಿಣದ ಜೊತೆಗೇ ತೂಕಕ್ಕೆ ಹಾಕಿಬಿಡುತ್ತಾರೆ. ಹೊಳಪು ಮೇಲಿನ ಕ್ರೋಮಿಯಂ ಲೇಪದ್ದು; ಒಳಗೆ ಹಿತ್ತಾಳೆ ಇದ್ದರೆ ಅದರ ಬೆಲೆ ಕಬ್ಬಿಣದ ಹಲವು ಪಟ್ಟು. ಇಲ್ಲಿ ಮ್ಯಾಗ್ನೆಟ್ ಮೊದಲ ಹೆಜ್ಜೆಗೆ ಸಾಕು: ಅಂಟಿದರೆ ಹಿತ್ತಾಳೆ ಅಲ್ಲ. ಅಂಟದಿದ್ದರೆ ಇನ್ನೂ ಗೊತ್ತಾಗಿಲ್ಲ, ಸ್ಟೇನ್‌ಲೆಸ್ ಆಗಿರಬಹುದು, ಸತುವಿನ ಮಿಶ್ರಲೋಹ ಆಗಿರಬಹುದು. ತೂಕದಿಂದಲೂ ಹಿತ್ತಾಳೆಯನ್ನು ಬೇರ್ಪಡಿಸುವುದು ಕಷ್ಟ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಕಬ್ಬಿಣ 7.9, ಹಿತ್ತಾಳೆ ಸುಮಾರು 8.5. ಅಲ್ಯೂಮಿನಿಯಂ ಕೈಗೇ ಗೊತ್ತಾಗುತ್ತದೆ, ಉಳಿದೆರಡು ಗೊತ್ತಾಗಲ್ಲ.

ನಿಮ್ಮಲ್ಲಿ ಕೆಲವರು ಐಟಿಐ ಸೇರುತ್ತೀರಿ, ಆಮೇಲೆ ಹೊಸೂರು ಸಿಪ್ಕಾಟ್‌ನ ಯಾವುದೋ ಕಾರ್ಖಾನೆಗೆ ಹೋಗುತ್ತೀರಿ. ಅಲ್ಲಿ ಗ್ರೈಂಡಿಂಗ್ ವೀಲ್‌ಗೆ ಉಕ್ಕು ತಾಗಿಸಿದರೆ ಕಿಡಿ ಹಾರುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂಗೆ ಹಾರುವುದಿಲ್ಲ. (ಟೈಟಾನಿಯಂ ಮಾತ್ರ ನಾನ್‌ಫೆರಸ್ ಆಗಿಯೂ ಬೆಳ್ಳಗೆ ಕಿಡಿ ಕಾರುತ್ತದೆ. ಲೋಹಗಳಿಗೆ ನಮ್ಮ ಪಠ್ಯಪುಸ್ತಕ ಓದುವ ಅಭ್ಯಾಸ ಇಲ್ಲ!) ಆದರೆ ಉಕ್ಕಿನ ವೀಲ್‌ಗೆ ಅಲ್ಯೂಮಿನಿಯಂ ಹಿಡಿಯಬೇಡಿ. ಮೆತ್ತನೆಯ ಲೋಹ ಚಕ್ರದ ರಂಧ್ರಗಳಲ್ಲಿ ತುಂಬಿಕೊಂಡು, ಬಿಸಿಯೇರಿ ಚಕ್ರವೇ ಒಡೆಯಬಹುದು. ಲೋಹ ಯಾವುದು ಅಂತ ಮೊದಲೇ ತಿಳಿಯದವರಿಗೆ ಅಲ್ಲಿ ಕಣ್ಣು ಹೋಗುವ ಅಪಾಯ ಇದೆ.

ನಮ್ಮ ಕೃಷ್ಣಗಿರಿ ಜಿಲ್ಲೆಗೆ ಕಬ್ಬಿಣ ಹೊಸದಲ್ಲ. ಮಯಿಲಾಡುಂಪಾರೈ ಉತ್ಖನನದಲ್ಲಿ ಕಬ್ಬಿಣದ ಬಳಕೆಯ ಕಾಲ ಕ್ರಿ.ಪೂ. 2172ಕ್ಕೆ ಹೋಗುತ್ತದೆ ಎಂದು 2022ರಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿತು. ಇಂಥ ಊರಿನ ಮಕ್ಕಳು ಕಬ್ಬಿಣದ ಬಗ್ಗೆ ಅರ್ಧ ಉತ್ತರ ಬರೆಯುವುದು ನನಗೆ ಒಪ್ಪಿಗೆಯಿಲ್ಲ. "ಅಂಟಿದರೆ ಬಹುಪಾಲು ಫೆರಸ್, ಅಂಟದಿದ್ದರೆ ಇನ್ನೊಂದು ಪರೀಕ್ಷೆ ಬೇಕು" ಅಂತ ಬರೆಯಿರಿ, ಯಾವ ಪರೀಕ್ಷೆ ಅಂತಲೂ ಸೇರಿಸಿ.

ಹಳೆಯ ನಲ್ಲಿ ಮನೆಯಲ್ಲಿದ್ದರೆ, ಗುಜರಿಯವರು ಬರುವ ಮೊದಲು ದೊಡ್ಡವರನ್ನು ಕೇಳಿ, ಕಾಣದ ಜಾಗದಲ್ಲಿ ಅರದಿಂದ ನಾಲ್ಕು ಸಲ ಉಜ್ಜಿ. ಒಳಗೆ ಹಳದಿ ಕಂಡರೆ ಅದನ್ನು ಕಬ್ಬಿಣದ ಗುಡ್ಡೆಯಿಂದ ಎತ್ತಿ ಬೇರೆ ಇಡಿ.