ಪರಿಚಯವೆಂಬ ನೆಪ

ರ್‍ಯಾಗಿಂಗಿಗೆ ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಸಭ್ಯವಾದ ಇನ್ನೊಂದು ಹೆಸರುಂಟು: ‘ಪರಿಚಯ’. ಹೊಸದಾಗಿ ಬಂದವರ ಸಂಕೋಚ ಬಿಡಿಸಬೇಕು, ಅದಕ್ಕಾಗಿ ಕೊಂಚ ತಮಾಷೆ ಮಾಡಿದರೆ ಹೋಗುವ ಗಂಟೇನು ಎಂದು ಹಿರಿಯ ವಿದ್ಯಾರ್ಥಿಗಳು ಕೇಳುತ್ತಾರೆ. ಅಧ್ಯಾಪಕರಲ್ಲಿಯೂ ಕೆಲವರು ತಮ್ಮ ಕಾಲದ ಇಂಥ ಪ್ರಸಂಗಗಳನ್ನು ನೆನೆದು ಮುಗುಳ್ನಗುವುದುಂಟು. ಅವರು ಕ್ಷಮಿಸಬೇಕು, ಆ ನಗೆಯಲ್ಲಿ ನಾನು ಪಾಲ್ಗೊಳ್ಳಲಾರೆ.

ಪರಿಚಯವೆಂದರೆ ಇಬ್ಬರೂ ಒಬ್ಬರನ್ನೊಬ್ಬರು ಅರಿಯುವುದಲ್ಲವೆ? ಆದರೆ ರಾತ್ರಿಯ ಊಟವಾದ ಮೇಲೆ ಕೋಣೆಯಲ್ಲಿ ಸೇರುವ ಈ ಸಭೆಯಲ್ಲಿ ಕೇಳುವವರು ಮಂಚದ ಮೇಲೆ ಕುಳಿತಿರುತ್ತಾರೆ, ಹೇಳುವವನು ನಿಂತಿರುತ್ತಾನೆ. ಊರು ಯಾವುದು, ಅಪ್ಪ ಏನು ಮಾಡುತ್ತಾನೆ ಎಂದು ಆರಂಭವಾದ ಪ್ರಶ್ನೆ ‘ನೀನು ಯಾವ ಪೈಕಿ?’ ಎಂಬಲ್ಲಿಗೆ ಬರಲು ತಡವಾಗುವುದಿಲ್ಲ. ಒಂದು ವಿದ್ಯಾರ್ಥಿನಿಲಯದಲ್ಲಿ ಹಳ್ಳಿಯ ಹುಡುಗನೊಬ್ಬನಿಂದ ‘ಹಾಸನದ ಹಾಲು’ ಎಂದು ಹೇಳಿಸಿದುದನ್ನು ನಾನು ಕಂಡಿದ್ದೇನೆ. ಆತ ‘ಆಸನದ ಆಲು’ ಎಂದ. ಎಲ್ಲರೂ ನಕ್ಕರು. ಮತ್ತೆ ಹೇಳಿಸಿದರು, ಮತ್ತೆ ನಕ್ಕರು. ಯಾರೂ ಅವನ ಮೈ ಮುಟ್ಟಲಿಲ್ಲ. ಆದರೆ ಆ ವರ್ಷವೆಲ್ಲ, ಹಾಜರಿ ಕೂಗಿದಾಗಿನ ಹೊರತು, ತರಗತಿಯಲ್ಲಿ ಅವನು ಬಾಯಿ ತೆರೆಯಲಿಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ, ಇದು ತನ್ನಂಥವರ ಜಾಗವಲ್ಲವೇನೋ ಎಂಬ ಅಳುಕು ಮೊದಲೇ ಇರುತ್ತದೆ. ಅದನ್ನು ನಾನು ಬಲ್ಲೆ. ಆ ಅಳುಕನ್ನು ಹತ್ತು ಜನ ಸೇರಿ ಖಚಿತಪಡಿಸುವುದು ತಮಾಷೆಯೆ?

ಕಾನೂನು ಈ ತಮಾಷೆಯ ವಾದವನ್ನು ಎಂದೋ ತಳ್ಳಿಹಾಕಿದೆ. 1983ರ ಕರ್ನಾಟಕ ಶಿಕ್ಷಣ ಅಧಿನಿಯಮದ ವ್ಯಾಖ್ಯೆಯಂತೆ, ವಿದ್ಯಾರ್ಥಿಯನ್ನು ಹೆದರಿಸಿ ಅವನ ಮಾನಕ್ಕೆ ಕುಂದು ತರುವ ಕೆಲಸ ಮಾಡಿಸಿದರೆ, ಅದು ವಿನೋದಕ್ಕಾದರೂ ರ್‍ಯಾಗಿಂಗೇ. ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. 2009ರ ಮಾರ್ಚಿಯಲ್ಲಿ ಹಿಮಾಚಲದ ಕಾಂಗ್ಡಾ ಜಿಲ್ಲೆಯ ತಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಹಿರಿಯರ ಹೊಡೆತಕ್ಕೆ ಮೊದಲ ವರ್ಷದ ವಿದ್ಯಾರ್ಥಿಯೊಬ್ಬನು ಸತ್ತನು. ಅದೇ ವರ್ಷ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮಗಳು ಬಂದವು. 2016ರ ತಿದ್ದುಪಡಿಯಲ್ಲಿ ಜಾತಿ, ಭಾಷೆ, ಹುಟ್ಟಿದ ಸ್ಥಳ, ಬಡತನಗಳನ್ನು ಹಿಡಿದು ಹೀಯಾಳಿಸುವುದೂ ರ್‍ಯಾಗಿಂಗೆಂದು ಸೇರಿತು. ‘ಆಸನದ ಆಲು’ ಕೂಡ ಅಲ್ಲಿಗೆ ಬಂದಂತಾಯಿತು.

ಆದರೂ ಏಕೆ ನಿಂತಿಲ್ಲ? ನಾವು ಪ್ರವೇಶಕಾಲದಲ್ಲಿ ಬರೆದುಕೊಡುವ ಮುಚ್ಚಳಿಕೆಯನ್ನೇ ನೋಡಿ. ತಂದೆತಾಯಿಗಳೂ ರುಜು ಮಾಡಬೇಕು. ಅದು ವಿದ್ಯಾರ್ಥಿ ಬಲ್ಲ ಪ್ರಾದೇಶಿಕ ಭಾಷೆಯಲ್ಲಿಯೂ ಇರಬಹುದೆಂದು ನಿಯಮವೇ ಹೇಳುತ್ತದೆ. ನಮ್ಮ ತಂದೆಯವರ ಕೈಗೆ ಬಂದದ್ದು ಇಂಗ್ಲಿಷಿನ ಹಾಳೆ. ಫೀಜಿನ ಕಾಗದವೆಂದು ತಿಳಿದು ಅವರು ರುಜು ಹಾಕಿದರು!

ಇದಕ್ಕಿಂತ ಆಳವಾದ ಕಾರಣ ಇನ್ನೊಂದಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ನಮ್ಮವರು ನ್ಯಾಯವೆಂದೇ ನಂಬಿದ್ದಾರೆ. ಹೋದ ವರ್ಷ ನಿಂತು ಉತ್ತರ ಹೇಳಿದವನು ಈ ವರ್ಷ ಮಂಚದ ಮೇಲೆ ಕೂರುತ್ತಾನೆ. ಅವನನ್ನು ಅವಮಾನಿಸಿದವನು ಪದವಿ ಪಡೆದು ಊರು ಸೇರಿರುತ್ತಾನೆ. ಹಳೆಯ ಬಾಕಿಯ ವಸೂಲಿ ಮಾತ್ರ, ಸಾಲವನ್ನೇ ಮಾಡದ ಹೊಸ ಹುಡುಗನಿಂದ. ಆದಕಾರಣ ಈ ವ್ಯವಹಾರವನ್ನು ಮುಗಿಸಬಲ್ಲವರು ಪ್ರಾಂಶುಪಾಲರಿಗಿಂತ ಮಿಗಿಲಾಗಿ ಎರಡನೆಯ ವರ್ಷದ ವಿದ್ಯಾರ್ಥಿಗಳೇ ಎಂದು ನನ್ನ ಅಭಿಪ್ರಾಯ.

ಪರಿಚಯವೇ ಬೇಕೆಂದರೆ ಅದಕ್ಕೂ 2009ರ ನಿಯಮಗಳಲ್ಲಿ ದಾರಿಯಿದೆ. ಸ್ವಇಚ್ಛೆಯಿಂದ ಮುಂದೆ ಬಂದ ಹಿರಿಯ ವಿದ್ಯಾರ್ಥಿಗಳು, ಆರು ಮಂದಿ ಹೊಸಬರಿಗೆ ಒಬ್ಬರಂತೆ, ಮಾರ್ಗದರ್ಶಕರಾಗಿರಬೇಕು. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವುದು, ಬಸ್ ಪಾಸ್ ಎಲ್ಲಿ ಸಿಗುತ್ತದೆಂದು ತೋರಿಸುವುದು, ಗ್ರಂಥಾಲಯದ ಕಾರ್ಡು ಮಾಡಿಸಿಕೊಡುವುದು. ಇಷ್ಟು ಮಾಡುವಷ್ಟರಲ್ಲಿ ಯಾವ ಸಂಕೋಚ ಉಳಿದೀತು? ಮುಂದಿನ ಪ್ರವೇಶ ಆರಂಭವಾಗುವ ಮುನ್ನ ಈ ಮಾರ್ಗದರ್ಶಕರ ಹೆಸರುಗಳು ನಮ್ಮ ಸೂಚನಾಫಲಕದ ಮೇಲೆ ಬರಲಿ, ಮುಚ್ಚಳಿಕೆಯೂ ಕನ್ನಡದಲ್ಲಿ ಅಚ್ಚಾಗಲಿ ಎಂದು ಪ್ರಾಂಶುಪಾಲರಲ್ಲಿ ವಿನಂತಿಸುತ್ತೇನೆ.