ಉಡುವ ಬಟ್ಟೆಯಲ್ಲೂ ಅಹಿಂಸೆ: ಕಲಬುರಗಿ ಜವಳಿ ಪಾರ್ಕ್ ಮತ್ತು ಶ್ರಾವಕರ ಆಯ್ಕೆ

ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಏಳು ರಾಜ್ಯಗಳಿಗೆ ಪಿಎಂ ಮಿತ್ರ ಜವಳಿ ಪಾರ್ಕ್‌ಗಳನ್ನು ಘೋಷಿಸಿತು. ಕರ್ನಾಟಕದ ಪಾಲಿನ ಪಾರ್ಕ್ ಕಲಬುರಗಿಗೆ ಬಂದಿದೆ. ಹೊನ್ನಕಿರಣಗಿ ಬಳಿಯ ಸುಮಾರು 1,000 ಎಕರೆಯಲ್ಲಿ ನೂಲುವುದು, ನೇಯುವುದು, ಬಣ್ಣ ಹಾಕುವುದು, ಹೊಲಿಯುವುದು ಎಲ್ಲವೂ ಒಂದೇ ಕಡೆ ನಡೆಯಬೇಕೆಂಬುದು ಯೋಜನೆ. ಇಂಥ ಪ್ರತಿ ಪಾರ್ಕ್‌ನಿಂದ 1 ಲಕ್ಷ ನೇರ ಹಾಗೂ 2 ಲಕ್ಷ ಪರೋಕ್ಷ ಉದ್ಯೋಗ ಸಿಗುತ್ತದೆಂಬುದು ಸರ್ಕಾರದ ಅಂದಾಜು.

ಜೇವರ್ಗಿ, ಅಫಜಲಪುರ, ಆಳಂದ ಭಾಗದ ಜನರಿಗೆ ಇದು ದೂರದ ಸುದ್ದಿಯಲ್ಲ. ಕೊಳಕೂರದಂಥ ಊರುಗಳ ಸುತ್ತ ಇರುವುದು ತೊಗರಿ, ಹತ್ತಿ ಬೆಳೆಯುವ ಕಪ್ಪು ನೆಲ. ದುಡಿಮೆಗಾಗಿ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುವವರು ಇಲ್ಲಿ ಬಹಳ. ಊರಿನ ಹತ್ತಿ ಊರ ಹತ್ತಿರವೇ ಬಟ್ಟೆಯಾದರೆ ಸಂತೋಷವೇ. ಆದರೆ ಬಟ್ಟೆ ಹೇಗೆ ತಯಾರಾಗುತ್ತದೆ, ಅದರಲ್ಲಿ ಯಾರಿಗೆ ನೋವಾಗುತ್ತದೆ ಎಂದು ಕೇಳಲೂ ಇದೇ ಸರಿಯಾದ ಸಮಯ. ಊಟದ ವಿಷಯದಲ್ಲಿ ನಾವು ಗಡ್ಡೆ ಬಿಡುತ್ತೇವೆ, ನೀರು ಸೋಸುತ್ತೇವೆ, ಸೂರ್ಯಾಸ್ತದೊಳಗೆ ಉಣ್ಣುತ್ತೇವೆ. ಬಟ್ಟೆ ಅಂಗಡಿಯಲ್ಲಿ ಮಾತ್ರ ಬಣ್ಣ ಮತ್ತು ಬೆಲೆ ಬಿಟ್ಟು ಬೇರೇನನ್ನೂ ಕೇಳುವುದಿಲ್ಲ.

ರೇಷ್ಮೆಯ ಲೆಕ್ಕ

ಮೊದಲು ಎದುರಿಸಬೇಕಾದದ್ದು ರೇಷ್ಮೆಯ ಪ್ರಶ್ನೆ. ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆ ಉತ್ಪಾದನೆಯಲ್ಲಿ ಮುಂದಿರುವ ರಾಜ್ಯ ನಮ್ಮದೇ. ರೇಷ್ಮೆಹುಳು ತನ್ನ ಸುತ್ತ ಒಂದೇ ಎಳೆಯಿಂದ ಗೂಡು ಕಟ್ಟುತ್ತದೆ. ಒಳಗಿನ ಜೀವ ಪತಂಗವಾಗಿ ಹೊರಬಂದರೆ ಎಳೆ ತುಂಡಾಗುತ್ತದೆ. ಆದ್ದರಿಂದ ಅದು ಹೊರಬರುವ ಮೊದಲೇ ಬಿಸಿಗಾಳಿ ಅಥವಾ ಹಬೆಯಲ್ಲಿ ಕೊಂದು, ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ.

1 ಕಿಲೋ ಕಚ್ಚಾ ರೇಷ್ಮೆಗೆ ಸುಮಾರು 6ರಿಂದ 8 ಕಿಲೋ ಗೂಡು ಬೇಕು. ಒಂದು ಗೂಡಿನ ತೂಕ ಒಂದೂವರೆ, ಎರಡು ಗ್ರಾಂ. ಅಂದರೆ ಅರ್ಧ ಕಿಲೋ ರೇಷ್ಮೆಯಿರುವ ಒಂದು ಮದುವೆ ಸೀರೆಯ ಹಿಂದೆ 1,500ರಿಂದ 2,500 ತ್ರಸಜೀವಿಗಳ ಸಾವಿದೆ. ಅದೇ ಸೀರೆ ಉಟ್ಟು, ಅದೇ ರೇಷ್ಮೆ ಪಂಚೆ ಹೊದ್ದು ಬಸದಿಯಲ್ಲಿ ಪೂಜೆಗೆ ಕೂರುತ್ತೇವೆ. ನಮ್ಮ ಆರ್ಯಿಕೆಯರು ಉಡುವುದು ಮಾತ್ರ ಬಿಳಿ ಹತ್ತಿಯ ಸೀರೆಯನ್ನು.

ಹಾಗೆಂದು ರೇಷ್ಮೆ ಬೆಳೆಗಾರರನ್ನು ಹೀಗಳೆಯುವುದು ಸರಿಯಲ್ಲ. ಅದು ಸಾವಿರಾರು ಸಣ್ಣ ರೈತ ಕುಟುಂಬಗಳ ಅನ್ನ. ಇಲ್ಲಿ ಪ್ರಶ್ನೆ ಕೊಳ್ಳುವ ನಮ್ಮದು.

‘ಅಹಿಂಸಾ ರೇಷ್ಮೆ’ ಎಷ್ಟು ಅಹಿಂಸೆ?

ಹೈದರಾಬಾದಿನ ಕುಸುಮ ರಾಜಯ್ಯ ಅವರು 1990ರ ದಶಕದಿಂದ ಪ್ರಚಾರಕ್ಕೆ ತಂದ ಅಹಿಂಸಾ ರೇಷ್ಮೆಯಲ್ಲಿ ಪತಂಗ ಹೊರಬಂದ ಮೇಲೆಯೇ ಗೂಡನ್ನು ಬಳಸುತ್ತಾರೆ. ಎಳೆ ತುಂಡಾಗಿರುವುದರಿಂದ ಅದನ್ನು ಹತ್ತಿಯಂತೆ ನೂಲಬೇಕು. ಹೊಳಪು ಕಡಿಮೆ, ಬೆಲೆ ಹೆಚ್ಚು. ಕೊಲ್ಲದೆ ತೆಗೆದ ರೇಷ್ಮೆ ಎಂಬುದು ದೊಡ್ಡ ಹೆಜ್ಜೆಯೇ. ಆದರೆ ಸಾವಿರಾರು ವರ್ಷ ಸಾಕಣೆಯಲ್ಲಿರುವ ಈ ಪತಂಗ ಹಾರಲಾರದು, ತಿನ್ನಲಾರದು. ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಆ ಎಲ್ಲ ಮೊಟ್ಟೆಗಳಿಂದ ಬರುವ ಹುಳುಗಳನ್ನು ಸಾಕುವಷ್ಟು ಸೊಪ್ಪು ಯಾರಲ್ಲೂ ಇರುವುದಿಲ್ಲ. ಆದ್ದರಿಂದ ಇದು ಹಿಂಸೆ ಕಡಿಮೆಯಾದ ರೇಷ್ಮೆ, ಹಿಂಸೆಯೇ ಇಲ್ಲದ್ದಲ್ಲ.

ಅಂಗಡಿಯ ‘ಸಿಲ್ಕ್ ಮಾರ್ಕ್’ ಗುರುತು ಇದಾವುದನ್ನೂ ಹೇಳುವುದಿಲ್ಲ. ಬಟ್ಟೆ ಶುದ್ಧ ರೇಷ್ಮೆಯದು ಎಂಬುದಕ್ಕಷ್ಟೇ ಅದು ಖಾತ್ರಿ. ‘ಹ್ಯಾಂಡ್‌ಲೂಮ್ ಮಾರ್ಕ್’ ಕೈಮಗ್ಗದ್ದು ಎನ್ನುತ್ತದೆ, ನೂಲಿನ ಬಗ್ಗೆ ಮಾತಾಡುವುದಿಲ್ಲ.

ಪಾಲಿಯೆಸ್ಟರ್, ಹತ್ತಿ ಮತ್ತು ನೀರು

ರೇಷ್ಮೆ ಬಿಟ್ಟು ಪಾಲಿಯೆಸ್ಟರ್ ಹಿಡಿದರೆ ಹುಳು ಉಳಿಯಿತು ಎನ್ನಬಹುದು. ಆದರೆ ಪಾಲಿಯೆಸ್ಟರ್ ಪೆಟ್ರೋಲಿಯಂನಿಂದ ಬರುವ ಪ್ಲಾಸ್ಟಿಕ್. ಒಗೆದಾಗಲೆಲ್ಲ ಅದರ ಸೂಕ್ಷ್ಮ ಎಳೆಗಳು ನೀರು ಸೇರುತ್ತವೆ, ಎಸೆದರೆ ಮಣ್ಣಾಗುವುದಿಲ್ಲ. ಅಲ್ಲಿ ಸಾಯುವ ಜೀವಗಳು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಹತ್ತಿಯೂ ತಾನಾಗಿಯೇ ನಿರ್ದೋಷಿಯಲ್ಲ. ಒಂದು ಟೀ ಶರ್ಟಿನಷ್ಟು ಹತ್ತಿಗೆ ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. 2002ರಲ್ಲಿ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಿತು. ಮುಂದೆ ಗುಲಾಬಿ ಕಾಯಿಕೊರಕ ಅದಕ್ಕೂ ಜಗ್ಗದಂತಾಗಿ, ರೈತರು ಮತ್ತೆ ಔಷಧಿ ಸಿಂಪಡಣೆಗೆ ಮರಳಬೇಕಾಯಿತು.

ಬಣ್ಣದ ಘಟಕಗಳ ಪಾಠ ತಮಿಳುನಾಡಿನ ತಿರುಪ್ಪೂರಿನಲ್ಲಿದೆ. ಅಲ್ಲಿನ ಕೊಳಚೆಯಿಂದ ನೊಯ್ಯಲ್ ನದಿ ಹಾಳಾಗಿ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಘಟಕಗಳನ್ನು ಮುಚ್ಚಿಸಿತು. ನದಿಯೂ ಕೆಟ್ಟಿತು, ಕೂಲಿಯೂ ನಿಂತಿತು. ಹೊನ್ನಕಿರಣಗಿಯಲ್ಲಿ ಬಣ್ಣದ ಘಟಕ ಬಂದರೆ ಒಂದು ಹನಿ ಕೊಳಚೆಯೂ ಭೀಮಾ ನದಿಯತ್ತ ಹರಿಯದಂತೆ ಮೊದಲ ದಿನದಿಂದಲೇ ವ್ಯವಸ್ಥೆ ಇರಬೇಕು. ಇದನ್ನು ಕೇಳುವುದು ಈ ಭಾಗದ ಪ್ರತಿಯೊಬ್ಬರ ಹಕ್ಕು.

ಹೊಲಿಯುವ ಕೈಗಳ ವಿಷಯವೂ ಇದೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾನಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರು ಸತ್ತರು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ತಮ್ಮ ಪಿಎಫ್ ಹಣಕ್ಕಾಗಿ ಬೀದಿಗಿಳಿದರು. ಅತಿ ಅಗ್ಗದ ಬಟ್ಟೆಯಲ್ಲಿ ಉಳಿದ ಹಣ ಎಲ್ಲೋ ಒಬ್ಬರ ಕೂಲಿಯಿಂದ ಕಡಿತವಾಗಿರುತ್ತದೆ.

ನಮ್ಮವರೇ ತೋರಿದ ದಾರಿ

ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿ, 2024ರ ಫೆಬ್ರುವರಿ 18ರಂದು ಡೋಂಗರಗಢದಲ್ಲಿ ಸಮಾಧಿ ಹೊಂದಿದ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು ಕೈಮಗ್ಗವನ್ನು ಅಹಿಂಸೆಯ ಕೆಲಸವೆಂದೇ ಕಂಡರು. ಅವರ ಪ್ರೇರಣೆಯಿಂದ ಮಧ್ಯಪ್ರದೇಶದಲ್ಲಿ ಕೈಮಗ್ಗ ಕೇಂದ್ರಗಳು ಎದ್ದವು. ಸಾಗರದ ಕೇಂದ್ರ ಕಾರಾಗೃಹದ ಕೈದಿಗಳೂ ನೇಯ್ಗೆ ಕಲಿತರು.

ಕರ್ನಾಟಕದಲ್ಲೂ ಆಸರೆಗಳಿವೆ. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ‘ಚರಕ’ದ ಮಹಿಳೆಯರು ಅಡಿಕೆ ಚೊಗರು, ದಾಳಿಂಬೆ ಸಿಪ್ಪೆಯಂಥ ವಸ್ತುಗಳಿಂದ ಬಣ್ಣ ಹಾಕಿ ಹತ್ತಿ ಬಟ್ಟೆ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘ ರಾಷ್ಟ್ರಧ್ವಜಕ್ಕೆ ಹೆಸರಾದದ್ದು. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟ ಮೇಲೆ ಆ ಸಂಘಕ್ಕೆ ಪೆಟ್ಟು ಬಿತ್ತು. ಕೊಳ್ಳುವವರಿಲ್ಲದೆ ಯಾವ ಮಗ್ಗವೂ ಉಳಿಯದು ಎಂಬುದಕ್ಕೆ ಇದು ಸಾಕ್ಷಿ.

ಮನೆಯಲ್ಲಿ ಏನು ಮಾಡಬಹುದು?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಒಮ್ಮೆ ಬಳಸಿ ಮುಗಿಯುವ ಆಹಾರವನ್ನು ಭೋಗವೆಂದೂ, ಮತ್ತೆ ಮತ್ತೆ ಬಳಸುವ ಬಟ್ಟೆಯಂಥದ್ದನ್ನು ಉಪಭೋಗವೆಂದೂ ಕರೆದು, ಎರಡಕ್ಕೂ ಮಿತಿ ಹಾಕಿಕೊಳ್ಳಲು ಹೇಳುತ್ತದೆ. ಇಂದಿನ ಫ್ಯಾಷನ್ ಬಟ್ಟೆಯನ್ನೂ ಭೋಗವಾಗಿಸಿದೆ: ಎರಡು ಸಲ ಉಟ್ಟು ಎಸೆಯುವುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 9.2 ಕೋಟಿ ಟನ್ ಬಟ್ಟೆ ತ್ಯಾಜ್ಯವಾಗುತ್ತದೆ. ಹೀಗಾಗಿ ಯಾವ ಬಟ್ಟೆ ಎಂಬುದಕ್ಕಿಂತ ಎಷ್ಟು ಬಟ್ಟೆ ಎಂಬುದೇ ಮೊದಲ ಪ್ರಶ್ನೆ.

• ದಶಲಕ್ಷಣ ಪರ್ವದಲ್ಲಿ ಇಡೀ ಮನೆಯವರು ಕೂತು, ವರ್ಷಕ್ಕೆ ಇಷ್ಟೇ ಹೊಸ ಬಟ್ಟೆ ಎಂದು ನಿಯಮ ತೆಗೆದುಕೊಳ್ಳಿ.
• ಪೂಜೆ, ಅಭಿಷೇಕಕ್ಕೆ ಹತ್ತಿಯ ಮಡಿಬಟ್ಟೆ ಸಾಕು. ಪಂಚಕಲ್ಯಾಣದಂಥ ಸಮಾರಂಭಗಳಲ್ಲಿ ಬಸದಿ ಸಮಿತಿಗಳೇ ಇದನ್ನು ಸೂಚಿಸಬಹುದು.
• ಮನೆಯಲ್ಲಿರುವ ರೇಷ್ಮೆ ಸೀರೆಗಳನ್ನು ಎಸೆಯಬೇಡಿ. ಅಜ್ಜಿಯ ಸೀರೆ ಮೊಮ್ಮಗಳ ಮದುವೆಗೆ ಬಂದರೆ ಹೊಸ ಹಿಂಸೆಯಿಲ್ಲ. ಹೊಸದನ್ನು ಕೊಳ್ಳುವಾಗ ಹತ್ತಿಯ ಇಳಕಲ್, ಉಡುಪಿ ಸೀರೆಗಳನ್ನೂ ನೋಡಿ. ಇಳಕಲ್ ಸೆರಗಿನಲ್ಲಿ ರೇಷ್ಮೆ ಇರುತ್ತದೆಯಾದ್ದರಿಂದ ಕೇಳಿ ಕೊಳ್ಳಿ.
• ಮದುವೆಯಲ್ಲಿ ಬಂಧುಗಳಿಗೆ ಉಡುಗೊರೆಯಾಗಿ ಕೊಡುವ, ಯಾರೂ ಉಡದ ಅಗ್ಗದ ಸೀರೆ, ಶಾಲುಗಳನ್ನು ನಿಲ್ಲಿಸಿ.
• ಬಟ್ಟೆ ವ್ಯಾಪಾರದಲ್ಲಿರುವ ಸಮಾಜ ಬಾಂಧವರು ಅನೇಕರಿದ್ದಾರೆ. ನೂಲು ಯಾವುದು, ನೇಯ್ದದ್ದು ಎಲ್ಲಿ ಎಂದು ಗಿರಾಕಿಗೆ ನಿಜ ಹೇಳುವುದನ್ನು ಅವರೇ ಮೊದಲು ಮಾಡಲಿ.

ಗೃಹಸ್ಥನಿಗೆ ಆರಂಭಿ, ಉದ್ಯೋಗಿ ಹಿಂಸೆಗಳು ಪೂರ್ತಿ ತಪ್ಪುವುದಿಲ್ಲ ಎಂಬುದನ್ನು ನಮ್ಮ ಶಾಸ್ತ್ರಗಳೇ ಒಪ್ಪುತ್ತವೆ. ತಪ್ಪಿಸಬಹುದಾದದ್ದನ್ನು ತಿಳಿದೂ ಮುಂದುವರಿಸುವುದಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ. ಮುಂದಿನ ಮದುವೆಯ ಜವಳಿ ತೆಗೆಯಲು ಹೊರಡುವ ಮೊದಲು ಮನೆಯ ಹಿರಿಯರು, ಮಕ್ಕಳು ಒಟ್ಟಿಗೆ ಕೂತು ಈ ಮಾತನ್ನು ಒಮ್ಮೆ ಆಡಲಿ.