ಬೀದರಿನಿಂದ ಚಾಮರಾಜನಗರಕ್ಕೆ: ಬರಿಗೈಲೋ, ಬಿಟ್‌ಕಾಯಿನ್ ಹಿಡ್ಕೊಂಡೋ?

ಸಂಕ್ರಾಂತಿ ಮುಗಿಸಿಕೊಂಡು ಬೀದರಿನಿಂದ ಚಾಮರಾಜನಗರಕ್ಕೆ ನಡೆದು ಹೋಗೋದು ಅಂತ ನಾವು ನಾಲ್ಕು ಜನ ತೀರ್ಮಾನ ಮಾಡಿದ್ದೀವಿ. ಹುಬ್ಬೇರಿಸಬೇಡಿ, ನಿಜವಾಗ್ಲೂ ನಡೆದೇ. ಭಾಷಣ ಮಾಡೋರು 'ಬೀದರಿನಿಂದ ಚಾಮರಾಜನಗರದವರೆಗೆ' ಅಂತ ಒಂದೇ ಉಸಿರಿಗೆ ಹೇಳಿ ಮುಗಿಸ್ತಾರಲ್ಲ, ಅದನ್ನ ಒಮ್ಮೆ ಕಾಲಲ್ಲಿ ಅಳೆದು ನೋಡೋಣ ಅನ್ನೋ ಹುಚ್ಚು. ಹುಮನಾಬಾದ್, ಕಲಬುರಗಿ, ಜೇವರ್ಗಿ, ಲಿಂಗಸುಗೂರು, ಹೊಸಪೇಟೆ, ಚಿತ್ರದುರ್ಗ, ತುಮಕೂರು, ಮೈಸೂರು... ದಾರಿ ಹೇಗೆ ಹಿಡಿದರೂ 800 ಕಿ.ಮೀ. ಮೀರುತ್ತೆ. ದಿನಕ್ಕೆ 20 ಅಂದ್ರೆ, ವಿಶ್ರಾಂತಿ ಸೇರಿ ಒಂದೂವರೆ ತಿಂಗಳು. ರಜೆ ಸಿಕ್ಕಿದೆ (ಅರ್ಧ ಸಂಬಳವಿಲ್ಲದ ರಜೆ), ಬೂಟು ತಗೊಂಡಾಯ್ತು, ಮನೆಯವರ ಒಪ್ಪಿಗೆಯೂ ಹೆಚ್ಚುಕಡಿಮೆ ಆಯ್ತು.

ತಕರಾರು ಇರೋದು ನಡಿಗೆ ಯಾತಕ್ಕೆ ಅನ್ನೋದರಲ್ಲಿ.

ಮೊದಲಿಗೆ ಉದ್ದೇಶ ಒಂದೇ ಇತ್ತು. ದಾರಿಯಲ್ಲಿ ಲಿಂಗಸುಗೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆ ಇದೆ. ಅಲ್ಲಿನ ಬೋರ್‌ವೆಲ್ ನೀರು ಫ್ಲೋರೈಡ್ ನೀರು. ರಾಯಚೂರು ಜಿಲ್ಲೆಯ ಕಡೆ ಓಡಾಡಿದವರಿಗೆ ಆ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ ಬಗ್ಗೆ ಹೇಳಬೇಕಾಗಿಲ್ಲ. ಅಲ್ಲಿಗೊಂದು ಶುದ್ಧ ನೀರಿನ ಘಟಕ ಹಾಕಿಸಬೇಕು, ಗುತ್ತಿಗೆದಾರರು ಹೇಳಿದ ಲೆಕ್ಕ ಆರು ಲಕ್ಷ. ನಡೀತಾ ನಡೀತಾ ಹಣ ಕೂಡಿಸೋಣ ಅಂತ ಹೊರಟೆವು.

ಆಮೇಲೆ ನಮ್ಮ ಗುಂಪಿನ ಒಬ್ಬ ಗೆಳೆಯ (ನಾವು ಅವನನ್ನ ಕರೆಯೋದೇ ಕಾಯಿನ್ ಮೇಷ್ಟ್ರು ಅಂತ) ಎರಡನೇ ಉದ್ದೇಶ ಒಂದನ್ನ ಜೋಡಿಸಿದ. 'ಡಿಜಿಟಲ್ ಕರೆನ್ಸಿಯ ಜಾಗೃತಿ'. ಟೀಷರ್ಟ್ ಎದೆ ಮೇಲೆ ಬಿಟ್‌ಕಾಯಿನ್ ಚಿಹ್ನೆ, ಬೆನ್ನ ಮೇಲೆ ಶಾಲೆ ಹೆಸರು. ದೇಣಿಗೆ ಕಾಯಿನ್‌ನಲ್ಲಿ. ದಾರಿಯ ಊಟ, ಚಹಾ, ವಸತಿ ಎಲ್ಲಾ ಆದಷ್ಟೂ ಕಾಯಿನ್‌ನಲ್ಲಿ. ಹಿಂದೆ ಒಂದು ಕಾರು, ಅದರಲ್ಲಿ ಕ್ಯಾಮೆರಾ.

ನಾನು ಬೇಡ ಅಂತಿದ್ದೀನಿ. ಯಾಕೆ ಅಂತ ಇಲ್ಲಿ ಬರೀತೀನಿ, ನೀವೇ ಹೇಳಿ.

ಮೊದಲನೇದು, ನಾವು ಜಾಗೃತಿ ಮೂಡಿಸೋಕೆ ಹೊರಟಿರೋದು ಯಾರಿಗೆ? ಜೇವರ್ಗಿ ಬಸ್‌ಸ್ಟ್ಯಾಂಡ್ ಪಕ್ಕದ ಚಹಾದಂಗಡಿಯವರಿಗಾ? ಅವರ ಡಬ್ಬಿ ಮೇಲೆ ಆಗಲೇ ಕ್ಯೂಆರ್ ಕೋಡ್ ಅಂಟಿಸಿರುತ್ತೆ. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರ್‌ನಲ್ಲಿ ನೋಟು ರದ್ದಾಯ್ತು. ಡಿಜಿಟಲ್ ಪಾವತಿ ಅಂದ್ರೇನು ಅಂತ ನಮಗಿಂತ ಚೆನ್ನಾಗಿ ಅವರಿಗೇ ಗೊತ್ತು, ಅದರ ಬಿಸಿಯೂ ಗೊತ್ತು. 2025ರ ಜುಲೈನಲ್ಲಿ ಏನಾಯ್ತು ನೆನಪಿದೆಯಲ್ಲ? ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ಜಿಎಸ್‌ಟಿ ನೋಟಿಸು ಬಂತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ರಾತ್ರೋರಾತ್ರಿ 'ಯುಪಿಐ ಇಲ್ಲ, ಕ್ಯಾಷ್ ಮಾತ್ರ' ಅನ್ನೋ ಚೀಟಿ ಅಂಟಿದವು. ಅಂಥವರ ಮುಂದೆ ನಿಂತು 'ಅಣ್ಣಾ, ಡಿಜಿಟಲ್ ಹಣ ಬಳಸಿ' ಅಂತ ಹೇಳೋ ಧೈರ್ಯ ನನಗಂತೂ ಇಲ್ಲ.

ಮೇಷ್ಟ್ರು ಹೇಳ್ತಾನೆ, 'ಅದು ಬೇರೆ, ಇದು ಬೇರೆ ಕಣೋ' ಅಂತ. ಹೌದು, ಬೇರೆ. ಆದರೆ ಅವನ ಪೋಸ್ಟರ್‌ನಲ್ಲಿ ಎಲ್ಲಾ ಒಂದೇ. ಯುಪಿಐ ಅಂದ್ರೆ ನನ್ನ ಬ್ಯಾಂಕಿನಲ್ಲಿರೋ ರೂಪಾಯಿ ನಿಮ್ಮ ಬ್ಯಾಂಕಿಗೆ ಹೋಗೋ ದಾರಿ, ಅಷ್ಟೇ. ಇ-ರೂಪಾಯಿ ಅಂದ್ರೆ ರಿಸರ್ವ್ ಬ್ಯಾಂಕು ಕಾಗದದ ಬದಲು ಫೋನಿಗೇ ಹಾಕಿಕೊಡೋ ನೋಟು. 2022ರ ಡಿಸೆಂಬರ್ 1ರಂದು ಜನಸಾಮಾನ್ಯರಿಗೆ ಅಂತ ಅದರ ಪ್ರಯೋಗ ಶುರುವಾದಾಗ ಮೊದಲ ನಾಲ್ಕು ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಬಿಟ್‌ಕಾಯಿನ್ ಹಿಂದೆ ಬ್ಯಾಂಕೂ ಇಲ್ಲ, ಸರ್ಕಾರವೂ ಇಲ್ಲ. ಲೋಕದಲ್ಲೆಲ್ಲ ಹರಡಿದ ಸಾವಿರಾರು ಕಂಪ್ಯೂಟರುಗಳು ಒಂದೇ ಖಾತೆ ಪುಸ್ತಕದ ಪ್ರತಿ ಇಟ್ಟುಕೊಂಡು, ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರಿಸುತ್ತವೆ. ಒಟ್ಟು 2 ಕೋಟಿ 10 ಲಕ್ಷ ನಾಣ್ಯ, ಅದಕ್ಕಿಂತ ಜಾಸ್ತಿ ಹುಟ್ಟಲ್ಲ. ತಾಂತ್ರಿಕವಾಗಿ ಚೆಂದದ ಕಲ್ಪನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರನ್ನೂ 'ಡಿಜಿಟಲ್ ಕರೆನ್ಸಿ' ಅನ್ನೋ ಒಂದೇ ಚೀಲಕ್ಕೆ ತುಂಬಿದರೆ ಏನಾಗುತ್ತೆ? ಮುಂದಿನ ವಾರ ಅದೇ ಊರಿಗೆ ಇನ್ಯಾರೋ ಬಂದು 'ತಿಂಗಳಿಗೆ ನೂರಕ್ಕೆ ಹತ್ತು ಬರುತ್ತೆ' ಅಂದ್ರೆ ಜನ ನಂಬ್ತಾರೆ. ಗೇನ್‌ಬಿಟ್‌ಕಾಯಿನ್ ಅನ್ನೋ ಸ್ಕೀಮ್ ಅದನ್ನೇ ಹೇಳಿಕೊಂಡು ತಿರುಗಿತ್ತು, ತಿಂಗಳಿಗೆ ಶೇ. 10ರಂತೆ 18 ತಿಂಗಳು ಅಂತ. 2018ರಲ್ಲಿ ಬಂಧನಗಳಾದವು, ದುಡ್ಡು ಹಾಕಿದವರು ಬಾಯಿ ಬಡ್ಕೊಂಡ್ರು. ಅಂಥವರಿಗೆ ನಾವು ಮುಂಚಿತವಾಗಿ ಹೋಗಿ ನೆಲ ಹದ ಮಾಡಿಕೊಡಬೇಕಾ?

ಇನ್ನು ಚಹಾದ ಲೆಕ್ಕ. ನಾನು ಲೆಕ್ಕಪತ್ರದ ಕೆಲಸ ಮಾಡಿ ಹೊಟ್ಟೆ ಹೊರೆಯೋನು, ಹಾಗಾಗಿ ಈ ಕೊಕ್ಕೆ. ಬಿಟ್‌ಕಾಯಿನ್ ಕೊಟ್ಟು ಚಹಾ ಕುಡಿದರೆ ಕಾನೂನಿನ ಕಣ್ಣಲ್ಲಿ ಅದು ಒಂದು ಆಸ್ತಿಯ ವಿಲೇವಾರಿ. 2022ರ ಏಪ್ರಿಲ್‌ನಿಂದ ಅದರ ಲಾಭಕ್ಕೆ ಶೇ. 30 ತೆರಿಗೆ. ಹತ್ತು ರೂಪಾಯಿ ಚಹಾಕ್ಕೆ ಕೊಟ್ಟ ಆ ಚೂರು ಕಾಯಿನ್ನು ಯಾವಾಗ ಕೊಂಡಿದ್ದು, ಎಷ್ಟಕ್ಕೆ ಕೊಂಡಿದ್ದು, ಈಗ ಎಷ್ಟಾಗಿತ್ತು ಅಂತ ಬರೆದಿಡಬೇಕು. ಒಂದೂವರೆ ತಿಂಗಳು, ನಾಲ್ಕು ಜನ, ದಿನಕ್ಕೆ ಐದು ಚಹಾ... ಲೆಕ್ಕ ಬರೆಯೋನು ನಾನೇ ತಾನೇ :)

ಇದೆಲ್ಲ ಸಣ್ಣ ತಕರಾರು ಅನ್ನಿ. ದೊಡ್ಡದು ದೇಣಿಗೆಯದ್ದು.

2021ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ ಬೆಲೆ 69 ಸಾವಿರ ಡಾಲರ್ ಹತ್ತಿರ ಹೋಗಿತ್ತು. ಸರಿಯಾಗಿ ಒಂದು ವರ್ಷಕ್ಕೆ, 2022ರ ನವೆಂಬರ್‌ನಲ್ಲಿ, 16 ಸಾವಿರಕ್ಕೂ ಕೆಳಗೆ ಬಿತ್ತು. ಆಗ ನಮ್ಮ ಆರು ಲಕ್ಷ ಕಾಯಿನ್‌ನಲ್ಲಿ ಕೂತಿದ್ದರೆ ಒಂದೂವರೆ ಲಕ್ಷದ ಆಸುಪಾಸಿಗೆ ಬಂದು ನಿಲ್ತಿತ್ತು. 'ಕಾಯಬೇಕಿತ್ತು, 2024ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ಡಾಲರ್ ದಾಟಲಿಲ್ವಾ' ಅಂತಾನೆ ಮೇಷ್ಟ್ರು. ದಾಟಿತು, ನಿಜ. ಆದರೆ ಆ ಎರಡು ವರ್ಷ ಮಕ್ಕಳು ಅದೇ ಬೋರ್‌ವೆಲ್ ನೀರೇ ಕುಡೀಬೇಕಿತ್ತು. ಏಳನೇ ಕ್ಲಾಸಿನ ಹುಡುಗಿ ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿರ್ತಾಳೆ. ಕಾಯೋ ತಾಕತ್ತು ಇರೋದು ದುಡ್ಡು ಇರೋರಿಗೆ.

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ. ಇಥೀರಿಯಂ ಕಟ್ಟಿದವರಲ್ಲಿ ಒಬ್ಬರಾದ ವಿಟಾಲಿಕ್ ಬುಟೆರಿನ್ ಭಾರತದ ಕೋವಿಡ್ ಪರಿಹಾರಕ್ಕೆ ಅಂತ ಶಿಬಾ ಇನು ಅನ್ನೋ ನಾಣ್ಯಗಳನ್ನ ರಾಶಿಗಟ್ಟಲೆ ಕೊಟ್ಟರು. ಅವತ್ತಿನ ಬೆಲೆಯಲ್ಲಿ ನೂರು ಕೋಟಿ ಡಾಲರ್‌ಗೂ ಮೇಲೆ! ಸುದ್ದಿ ಹಬ್ಬುತ್ತಿದ್ದಂತೆ ಆ ನಾಣ್ಯದ ಬೆಲೆಯೇ ಕುಸಿಯಿತು. ಅಷ್ಟೂ ಒಟ್ಟಿಗೆ ಮಾರಿದರೆ ಇನ್ನೂ ಕುಸಿಯುತ್ತೆ ಅಂತ ಮೆಲ್ಲಮೆಲ್ಲನೆ ಮಾರಬೇಕಾಯ್ತು. ಅದರಿಂದ ಒಳ್ಳೆಯ ಕೆಲಸ ಆಯ್ತು, ಇಲ್ಲ ಅನ್ನಲ್ಲ. ಆದರೆ ಆಮ್ಲಜನಕ ಬೇಕಾಗಿದ್ದು ಆ ವಾರ.

ಮೇಷ್ಟ್ರನ್ನ ಪೂರ್ತಿ ತಳ್ಳಿಹಾಕೋ ಹಾಗೂ ಇಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾ ನುಗ್ಗಿದ ಎರಡೇ ದಿನಕ್ಕೆ ಉಕ್ರೇನ್ ಸರ್ಕಾರ ತನ್ನ ಕ್ರಿಪ್ಟೋ ವಿಳಾಸಗಳನ್ನ ಬಹಿರಂಗ ಮಾಡಿತು, ಕೆಲವೇ ದಿನದಲ್ಲಿ ಕೋಟ್ಯಂತರ ಡಾಲರ್ ಬಂದು ಬಿತ್ತು. ಬ್ಯಾಂಕು ನಿಂತುಹೋದ ಕಡೆ, ಗಡಿ ದಾಟಿ ಹಣ ಕಳಿಸೋಕೆ ಬೇರೆ ದಾರಿ ಇಲ್ಲದ ಕಡೆ ಇದು ಕೆಲಸಕ್ಕೆ ಬರುತ್ತೆ. ಲಿಂಗಸುಗೂರಿನಲ್ಲಿ ಬ್ಯಾಂಕು ನಿಂತಿಲ್ಲವಲ್ಲ! ಅಲ್ಲದೆ ಹೊರದೇಶದ ಅವನ ಗೆಳೆಯರು ಕಾಯಿನ್ ಕಳಿಸ್ತಾರೆ ಅಂದ್ರೆ, ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ನೋಂದಣಿ ಬೇಕು, 2020ರ ತಿದ್ದುಪಡಿ ಪ್ರಕಾರ ಆ ಹಣ ಮೊದಲು ಬರಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ನಮ್ಮ ಶಾಲೆಯ ಎಸ್‌ಡಿಎಂಸಿ ಅದನ್ನೆಲ್ಲ ಎಲ್ಲಿಂದ ತರಬೇಕು? ಹೆಡ್‌ಮಾಸ್ತರರಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಅವರು ಸಮಾಧಾನದಿಂದಲೇ ಕೇಳಿಸ್ಕೊಂಡು ಅಂದ್ರು: 'ಸರ್, ನೀವು ಯಾವುದ್ರಾಗ ಕೊಡ್ತೀರೋ ನಮಗ ತಿಳ್ಯಂಗಿಲ್ಲ. ಗುತ್ತಿಗೆದಾರ ಮಾತ್ರ ರೊಕ್ಕ ಕೇಳ್ತಾನ್ರಿ.'

ಈಗ ನಡಿಗೆಯ ವಿಷಯಕ್ಕೆ ಬರ್ತೀನಿ. ನಿಜ ಹೇಳ್ಬೇಕಂದ್ರೆ ನನ್ನನ್ನ ಕಾಡ್ತಿರೋದು ಇದೇ.

1951ರಲ್ಲಿ ವಿನೋಬಾ ಪವನಾರದ ಆಶ್ರಮದಲ್ಲಿ 'ಕಾಂಚನಮುಕ್ತಿ' ಅಂತ ಹಣವಿಲ್ಲದೆ ಬದುಕೋ ಪ್ರಯೋಗ ನಡೆಸಿದ್ದರು. ಹೈದರಾಬಾದ್ ಹತ್ತಿರದ ಶಿವರಾಂಪಲ್ಲಿಯ ಸರ್ವೋದಯ ಸಮ್ಮೇಳನಕ್ಕೆ ನಡೆದೇ ಹೋದರು. ಅಲ್ಲಿಂದ ತೆಲಂಗಾಣದ ಹಳ್ಳಿಗಳಿಗೆ ನಡೆದಾಗ, ಏಪ್ರಿಲ್ 18ರಂದು ಪೋಚಂಪಲ್ಲಿಯಲ್ಲಿ ರಾಮಚಂದ್ರ ರೆಡ್ಡಿ ಅನ್ನೋ ಜಮೀನ್ದಾರರು ಎದ್ದು ನಿಂತು ನೂರು ಎಕರೆ ಕೊಡ್ತೀನಿ ಅಂದರು. ಭೂದಾನ ಹುಟ್ಟಿದ್ದು ಹಾಗೆ. 1957ರಲ್ಲಿ ಆ ನಡಿಗೆ ನಮ್ಮ ಮೈಸೂರು ಹತ್ತಿರದ ಇಲವಾಲಕ್ಕೂ ಬಂತು, ನೆಹರೂ ಸಮೇತ ದೊಡ್ಡದೊಡ್ಡವರೆಲ್ಲ ಅಲ್ಲಿ ಸೇರಿದ್ದರು. ದಾನದ ಮಾತು ಕೊಟ್ಟಿದ್ದು 40 ಲಕ್ಷ ಎಕರೆಗೂ ಮೇಲೆ. ಅದರಲ್ಲಿ ಎಷ್ಟೋ ಭಾಗ ಬಡವರ ಕೈ ಸೇರಲೇ ಇಲ್ಲ, ಎಷ್ಟೋ ಬರೀ ಕಲ್ಲು ನೆಲ. ಹೀಗೆ, ಅಷ್ಟು ದೊಡ್ಡವರ ನಡಿಗೆಯಲ್ಲೂ ಘೋಷಣೆಗೂ ಹಸ್ತಾಂತರಕ್ಕೂ ನಡುವೆ ಸೋರಿಕೆ ಇತ್ತು. ನಾವು ಬೇಕಂತಲೇ ಇನ್ನೊಂದು ತೂತು ಕೊರೆಯೋದು ಯಾಕೆ?

ಅದೇ ವಿನೋಬಾ ಇನ್ನಿಬ್ಬರಿಗೆ ಒಂದು ಸಲಹೆ ಕೊಟ್ಟಿದ್ದರು. ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್. ಅಣುಬಾಂಬ್ ವಿರೋಧಿಸಿ ಬರ್ಟ್ರಂಡ್ ರಸೆಲ್ 89ನೇ ವಯಸ್ಸಿನಲ್ಲಿ ಜೈಲಿಗೆ ಹೋದ ಸುದ್ದಿಯನ್ನ 1961ರಲ್ಲಿ ಇವರು ಓದಿದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನ ಒಂದು ಹೋಟೆಲಿನಲ್ಲಿ, ಕಾಫಿ ಕುಡೀತಾ. ಆ ಮುದುಕ ಜೈಲಿಗೆ ಹೋಗ್ತಾನೆ, ನಾವು ಕೂತು ಕಾಫಿ ಕುಡೀತಿದ್ದೀವಲ್ಲ ಅನ್ನಿಸಿ, 1962ರಲ್ಲಿ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟರು. ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್... ಸುಮಾರು 8,000 ಮೈಲಿ, ಸಮುದ್ರ ಬಂದಲ್ಲಿ ಮಾತ್ರ ಹಡಗು. ವಿನೋಬಾರ ಸಲಹೆ: ಜೇಬಲ್ಲಿ ದುಡ್ಡು ಇಟ್ಕೋಬೇಡಿ. ದುಡ್ಡಿದ್ದರೆ ಸುಸ್ತಾಗಿ ಊರು ಸೇರಿದವನು ಹೋಟೆಲು ಹುಡುಕ್ತಾನೆ, ಉಂಡು ಮಲಗ್ತಾನೆ, ಬೆಳಿಗ್ಗೆ ಎದ್ದು ಹೋಗ್ತಾನೆ. ಇಲ್ಲದಿದ್ದರೆ ಯಾರದಾದರೂ ಬಾಗಿಲು ತಟ್ಟಲೇಬೇಕು, ಮಾತಾಡಲೇಬೇಕು. ಪಾಕಿಸ್ತಾನದ ಗಡಿಯಲ್ಲಿ ಗೆಳತಿಯೊಬ್ಬಳು ಬುತ್ತಿ ಕಟ್ಟಿಕೊಟ್ಟರೆ ಸತೀಶ್ ಅದನ್ನೂ ಬೇಡ ಅಂದರಂತೆ. ಬುತ್ತಿ ಕಟ್ಟಿಕೊಂಡು ಹೋದರೆ ಆಚೆಯವರು ಊಟ ಹಾಕ್ತಾರೆ ಅನ್ನೋ ನಂಬಿಕೆ ನನಗಿಲ್ಲ ಅಂತಲೇ ಅರ್ಥ, ಅಂದ್ಕೊಂಡು. ಜಾರ್ಜಿಯಾದಲ್ಲಿ ಚಹಾ ಕಾರ್ಖಾನೆಯ ಹೆಂಗಸರು ನಾಲ್ಕು ಪೊಟ್ಟಣ ಚಹಾ ಕೊಟ್ಟು, ಅಣುಬಾಂಬ್ ಇರೋ ನಾಲ್ಕು ದೇಶದ ನಾಯಕರಿಗೆ ತಲುಪಿಸಿ, ಬಟನ್ ಒತ್ತೋ ಮುಂಚೆ ಒಂದು ಲೋಟ ಚಹಾ ಕುಡಿಯೋಕೆ ಹೇಳಿ ಅಂದ ಕಥೆ ಎಲ್ಲರಿಗೂ ಗೊತ್ತಿರೋದೇ. ಹೋಟೆಲಿನಲ್ಲಿ ಬಿಲ್ಲು ಕೊಟ್ಟು ಚಹಾ ಕುಡಿದವನಿಗೆ ಆ ಪೊಟ್ಟಣ ಸಿಗುತ್ತಿತ್ತಾ?

ಅಷ್ಟು ದೂರ ಯಾಕೆ, ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಶ್ರೀಶೈಲಕ್ಕೆ ನಡೆಯೋ ಜನ ನೋಡಿ. ದಾರಿಯುದ್ದಕ್ಕೂ ಹಳ್ಳಿಯವರು ಪೆಂಡಾಲ್ ಹಾಕಿ ರೊಟ್ಟಿ-ಪಲ್ಯ, ಮಜ್ಜಿಗೆ ಕೊಡ್ತಾರೆ, ಕಾಲಿಗೆ ಎಣ್ಣೆ ಹಚ್ಚಿ ಒತ್ತುತ್ತಾರೆ. ಅಲ್ಲಿ ಹೋಗಿ 'ಎಷ್ಟಾಯ್ತು? ಸ್ಕ್ಯಾನ್ ಎಲ್ಲಿದೆ?' ಅಂತ ಕೇಳಿ ನೋಡಿ, ಬೈಸ್ಕೊಂಡು ಬರ್ತೀರ. ಬಿಟ್‌ಕಾಯಿನ್ನಿನ ಹೆಚ್ಚುಗಾರಿಕೆ ಏನು ಅಂತ ಮೇಷ್ಟ್ರನ್ನ ಕೇಳಿದರೆ ಮೊದಲು ಹೇಳೋದೇ 'ಯಾರನ್ನೂ ನಂಬಬೇಕಾಗಿಲ್ಲ' ಅಂತ. ದಾನ ಕೇಳ್ಕೊಂಡು ನಡೆಯೋನಿಗೆ ಇರೋ ಬಂಡವಾಳವೇ ನಂಬಿಕೆ. ಎದೆ ಮೇಲೆ ಒಂದು, ಬೆನ್ನ ಮೇಲೆ ಇನ್ನೊಂದು ಬರ್ಕೊಂಡು ಹೇಗಪ್ಪಾ ನಡೆಯೋದು?

ಪ್ರಾಯೋಜಕರ ಮಾತೂ ಬಂದಿದೆ. ಒಂದು ಕಾಯಿನ್ ವಿನಿಮಯ ಕಂಪನಿ ಖರ್ಚೆಲ್ಲ ನೋಡ್ಕೊಳ್ಳುತ್ತಂತೆ. ಕೆನಡಾದ ಟೆರ್ರಿ ಫಾಕ್ಸ್ 1980ರಲ್ಲಿ ಒಂದು ಕೃತಕ ಕಾಲು ಕಟ್ಟಿಕೊಂಡು ಕ್ಯಾನ್ಸರ್ ಸಂಶೋಧನೆಗಾಗಿ 143 ದಿನ, 5,373 ಕಿ.ಮೀ. ಓಡಿದ. ಒಂದೇ ಒಂದು ಸರಕಿಗೆ ಜಾಹೀರಾತು ಆಗೋಕೆ ಒಪ್ಪಲಿಲ್ಲ. ಹಿಂದೆ ಬರೋ ಕಾರಿನ ಬಗ್ಗೆಯೂ ಅಷ್ಟೇ. 1930ರ ದಂಡಿ ಯಾತ್ರೆಯಲ್ಲಿ ಸೂರತ್‌ನಿಂದ ಮೋಟಾರಿನಲ್ಲಿ ಹಾಲು-ತರಕಾರಿ ತರಿಸಿದ್ದು, ರಾತ್ರಿ ಬಡ ಕೂಲಿಯವನ ತಲೆ ಮೇಲೆ ದೀಪ ಹೊರಿಸಿದ್ದು ಕಂಡು ಗಾಂಧೀಜಿ ಭಟ್‌ಗಾಂವ್‌ನ ಸಭೆಯಲ್ಲಿ ತಮ್ಮವರನ್ನೇ ತರಾಟೆಗೆ ತಗೊಂಡಿದ್ದರು.

ಹಾಗಾಗಿ ನಾನು ಹೇಳಿರೋದು ಇಷ್ಟು. ಹಣ ರೂಪಾಯಿಯಲ್ಲೇ, ನೇರ ಎಸ್‌ಡಿಎಂಸಿ ಖಾತೆಗೆ, ನಮ್ಮ ಕೈ ತಾಗದ ಹಾಗೆ. ಇಲ್ಲಿಯವರೇ ಯಾರಾದರೂ ಕಾಯಿನ್ ಕೊಡ್ತೀನಿ ಅಂದ್ರೆ ಅವರೇ ಮಾರಿ, ತೆರಿಗೆ ಕಟ್ಟಿ, ಉಳಿದಿದ್ದನ್ನ ಹಾಕಲಿ. ಪ್ರತಿ ಊರಲ್ಲಿ ಅವತ್ತಿನವರೆಗಿನ ಲೆಕ್ಕ ಒಂದು ಬೋರ್ಡಿನಲ್ಲಿ ಬರೆದು ತೋರಿಸೋಣ. ಕಾರು ಬೇಡ. ಊಟ ಕೊಟ್ಟ ಕಡೆ ಊಟ, ಕೊಡದ ಕಡೆ ಬಾಳೆಹಣ್ಣು. ಮೇಷ್ಟ್ರು ರಾತ್ರಿ ಹೊತ್ತು ಯಾರಾದರೂ ಕೇಳಿದರೆ ಬಿಟ್‌ಕಾಯಿನ್ ಬಗ್ಗೆ ಎಷ್ಟು ಬೇಕಾದರೂ ಪಾಠ ಮಾಡಲಿ, ಗೇನ್‌ಬಿಟ್‌ಕಾಯಿನ್ ಕಥೆಯನ್ನೂ ಸೇರಿಸಿ.

ಉಳಿದಿಬ್ಬರು ಒಪ್ಪಿದ್ದಾರೆ. ಮೇಷ್ಟ್ರು ಕಾರು ಬಿಟ್ಟ, ಪ್ರಾಯೋಜಕರನ್ನೂ ಬಿಟ್ಟ. ಎದೆ ಮೇಲಿನ ಚಿಹ್ನೆ ಮಾತ್ರ ಬಿಡೋಕೆ ತಯಾರಿಲ್ಲ, ತೋಳಿನ ಮೇಲೆ ಸಣ್ಣದಾಗಿಯಾದರೂ ಇರಲಿ ಅಂತಿದ್ದಾನೆ. ಅವೆನ್ಯೂ ರಸ್ತೆಯ ಪ್ರಿಂಟಿಂಗ್‌ನವರು ಶನಿವಾರದೊಳಗೆ ಡಿಸೈನ್ ಕೊಡಿ ಅಂದಿದ್ದಾರೆ. ಶುಕ್ರವಾರ ಸಂಜೆ ಮತ್ತೆ ಕೂತ್ಕೋತೀವಿ.